ಕಿರುಬೆರಳಿಗೆ ಜಾಗ

ಮಂಡಿ ಮೊಹಲ್ಲಾದ ನನ್ನ ಅಂಗಡಿಗೆ
ಆನೆ ಕೇಳಿಕೊಂಡು ಬರುತ್ತಾರೆ ಜನ.
ಬೀಟೆ ಹಲಗೆಯೊಳಗೆ ಹಲಸಿನ ಹಳದಿಯ ಹುಲ್ಲು,
ನೀರು ಕುಡಿಯುವ ಜಿಂಕೆ, ಮೇಲೊಂದು ಹುಣ್ಣಿಮೆ.

ಕೆಂಪಾಜಮ್ಮ ಬಂದದ್ದು ಮಂಗಳವಾರ, ಊಟದ ಹೊತ್ತಿಗೆ.
ಬ್ಯಾಗಿನಿಂದ ಮೊದಲು ತೆಗೆದದ್ದು ಲೈಸೆನ್ಸು ಪುಸ್ತಕ,
ಆಮೇಲೆ ಕನ್ನಡಕದ ಡಬ್ಬಿ,
ಆಮೇಲೆ ಹಳೇ ಟವೆಲಿನಲ್ಲಿ ಸುತ್ತಿದ ಪಿಸ್ತೂಲು.
"ಗುಂಡಿಲ್ಲ ಸಾಬ್ರೇ, ಬಂಕಿನ ಬೀರೂಲವೆ. ಹೆದರ್ಬ್ಯಾಡಿ."
ಹೆದರಿದ್ದೆ.
ಚಹಾದ ಲೋಟ ಪಕ್ಕಕ್ಕಿಟ್ಟೆ.

ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ತಿರುವಿನಲ್ಲಿ
ಅವರ ಪೆಟ್ರೋಲ್ ಬಂಕು.
ರಾತ್ರಿ ಹತ್ತೂವರೆಗೆ, ಕಬ್ಬಿನ ಲಾರಿಗಳು ಮುಗಿದ ಮೇಲೆ,
ಹಣದ ಚೀಲ ಕಾಲಡಿ ಇಟ್ಟುಕೊಂಡು
ಒಬ್ಬರೇ ಸ್ಕೂಟರಿನಲ್ಲಿ ಮನೆಗೆ.
ಪಿಸ್ತೂಲು ಗಂಡನದು. ಅವರು ಹೋದ ಮೇಲೆ
ಎರಡು ವರ್ಷ ಕಚೇರಿ ಅಲೆದು ಹೆಸರು ಬದಲಾಯಿಸಿಕೊಂಡರಂತೆ.
"ಹೆಸರು ನಂದಾಯ್ತು. ಹಿಡಿ ಇನ್ನೂ ಅವರ್ದೇ."

ನೋಡಿದೆ. ಅಂಗೈಗಿಂತ ಒಂದಿಷ್ಟು ದೊಡ್ಡದು, ಅಷ್ಟೆ.
ಕರೀ ಪ್ಲಾಸ್ಟಿಕ್ಕಿನ ಒಂದು ಮೂಲೆ ಸವೆದು ನುಣುಪಾಗಿತ್ತು,
ಅಲ್ಲಿ ಬೇರೊಂದು ಹೆಬ್ಬೆರಳು ಬಹಳ ದಿನ ಕೂತಿತ್ತು.
ಎರಡು ಬೆರಳಿಗೇ ಮುಗಿದುಹೋಗುವ ಹಿಡಿ.
ಕಿರುಬೆರಳು ಕೆಳಗೆ ಜೋತಾಡುತ್ತದೆ,
ಸಂಜೆ ಬಸ್ಸಿನ ಫುಟ್‌ಬೋರ್ಡಿನ ಹುಡುಗನ ಹಾಗೆ.

"ಕಬ್ಬಿಣಕ್ಕೆ ನಾನು ಕೈ ಹಾಕಲ್ಲ ಅಮ್ಮ,
ಅದಕ್ಕೆ ಸರ್ಕಾರದ ಚೀಟಿ ಇರೋ ಅಂಗಡಿ ಬೇರೆ ಇದೆ.
ಮರ ಅಂದರೆ ಹೇಳಿ."
"ಮರಾನೇ ಹೇಳ್ತಿರೋದು."

ಹೆಂಡತಿ ಒಳಗಿಂದ ಕಣಕ ನಾದಿ ತಂದಳು.
ಮುದ್ದೆ ಹಿಡಿದ ಹಾಗೆ ಹಿಡೀರಿ ಅಂದೆ.
"ಮುದ್ದೇನ ಯಾರು ಹಿಂಗೆ ಹಿಡೀತಾರೆ ಸಾಬ್ರೇ? ಮುರೀತಾರೆ."
ಆದರೂ ಹಿಡಿದರು. ಬಿಟ್ಟಾಗ
ಕಣಕದಲ್ಲಿ ನಾಲ್ಕು ಹಳ್ಳ,
ಕಡೆಯದು ಡೊಂಕು.
ನಾನು ಕೇಳಲಿಲ್ಲ.
ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಅವರೇ ಅಂದರು:
"ಕಾರಿನ ಬಾಗಿಲು."
ಸ್ವಲ್ಪ ತಡೆದು,
"ಹಾಕಿದ್ದು ಅವರೇ."

ಆನೆ ಬೇಡ. ನವಿಲು ಬೇಡ. ಹೆಸರೂ ಬೇಡ.

ಪಿಸ್ತೂಲು ಅವರ ಜೊತೆಗೇ ಹೋಯಿತು.
ನನ್ನ ಹತ್ತಿರ ಉಳಿದದ್ದು ಕಾಗದದ ಮೇಲೊಂದು ಅಂಚುಗೆರೆ
ಮತ್ತು ಒಣಗುತ್ತಿದ್ದ ಆ ಕಣಕ.
ಯಾರದೋ ಮಂಚದ ಕಾಲಿನಿಂದ ಮಿಕ್ಕ ಬೀಟೆ ತುಂಡು ಹುಡುಕಿದೆ.
ಗರಗಸ, ಅರ, ಉಪ್ಪುಕಾಗದ. ಹನ್ನೊಂದು ದಿನ
ಮೂಗಿನಲ್ಲಿ ನೇರಳೆ ಬಣ್ಣದ ಪುಡಿ.
ಮರದೊಳಗೆ ಮರ ಕೂರಿಸುವುದು ನನ್ನ ಕಸುಬು,
ಕೂದಲೆಳೆಯೂ ಸಂದಿರದಂತೆ.
ಮರದೊಳಗೆ ಒಂದು ಕೈ ಕೂರಿಸಿದ್ದು ಇದೇ ಮೊದಲು.
ಹಿಡಿಯ ಬುಡದಲ್ಲಿ ಒಂದು ಸಣ್ಣ ತುಟಿ ಬಿಟ್ಟೆ,
ಡೊಂಕು ಬೆರಳು ಡೊಂಕಾಗಿಯೇ ಕೂರಲಿ ಅಂತ.

"ಇದರಿಂದ ನಾಳೆ ಯಾರಿಗಾದರೂ ಏನಾದರೂ ಆದರೆ?"
ದೀಪ ಆರಿಸಿದ ಮೇಲೆ ಕೇಳಿದಳು ಹೆಂಡತಿ.
ಬಾಗಿಲಿಗೂ ಎಷ್ಟೋ ಹಿಡಿ ಮಾಡಿದ್ದೇನೆ, ಅಂದೆ.
ಅಂದೆನೇ ಹೊರತು
ಅವತ್ತು ನಿದ್ದೆ ಹತ್ತಲಿಲ್ಲ.

ಎರಡು ಸ್ಕ್ರೂ ಬಿಗಿದು ಕೊಟ್ಟಾಗ
ಮೂತಿ ನೆಲಕ್ಕಿಟ್ಟು ಹಿಡಿದರು ಕೆಂಪಾಜಮ್ಮ.
ಕಿರುಬೆರಳು ಯಾರನ್ನೂ ಕೇಳದೆ ಹೋಗಿ ಕೂತಿತು.
ಬಹಳ ಹೊತ್ತು ಹಾಗೇ ನಿಂತಿದ್ದರು.
ಮೇಲೆ ಇನ್ನೂರು ಕೊಟ್ಟರು, ತಗೊಂಡೆ.

ಚುನಾವಣೆ ಬಂತು.
ಲೈಸೆನ್ಸಿನ ಬಂದೂಕೆಲ್ಲ ಠಾಣೆಗೆ ಅಂತ ಹುಕುಂ.
ಚೀಟಿ ಕಟ್ಟುವ ಮುಂಚೆ ಪೇದೆಯೊಬ್ಬ ಹಿಡಿದು ನೋಡಿ,
"ಇದೇನಮ್ಮ, ಕೈಗೇ ಕೂರಲ್ವಲ್ಲ" ಅಂದನಂತೆ.
ಇಷ್ಟು ಹೇಳಲೆಂದೇ ಫೋನು ಮಾಡಿದ್ದರು.
ನಗುತ್ತಿದ್ದರೋ ಏನೋ, ಹಿಂದೆ ಲಾರಿಯ ಸದ್ದು,
"ಚಿಲ್ಲರೆ ಕೊಡ್ಲಾ ಅವರ್ಗೆ" ಅಂತ ಹುಡುಗನಿಗೆ ಕೂಗು,
ಆಮೇಲೆ ಲೈನು ಕಡಿಯಿತು.

ಕಣಕ ಇನ್ನೂ ಕಪಾಟಿನ ಮೇಲಿದೆ,
ಜಿಂಕೆಗಳ ಪಕ್ಕ, ಕಲ್ಲಿನಷ್ಟು ಗಟ್ಟಿ.
ಒಂದು ಬದಿ ಇರುವೆ ತಿಂದಿವೆ.
ಎಸೀರಿ ಅನ್ನುತ್ತಾಳೆ ಹೆಂಡತಿ.
ನಾಳೆ, ಅನ್ನುತ್ತೇನೆ.